ನಗರಚಿತ್ರಗಳಲ್ಲಿ ಜನವರ್ಗವೂ ಪುರವ್ಯವಸ್ಥೆಯೂ

೧

ಮಹಾಕಾವ್ಯದ ಲಕ್ಷಣವನ್ನು ಹೇಳುವಲ್ಲಿ ಆಚಾರ್ಯ ದಂಡಿಯು ವರ್ಣನೀಯ ವಿಷಯಗಳ ಪಟ್ಟಿಯನ್ನು ನಗರದಿಂದಲೇ ಮೊದಲುಮಾಡಿದ್ದಾನೆ. ಆ ಪದ್ಧತಿಯನ್ನು ಅನುಸರಿಸಿ ನಮ್ಮ ಪ್ರಾಚೀನ ಕವಿಗಳೂ ಪುರವರ್ಣನೆಯನ್ನು ಬಿಡದೆ ನಡೆಸಿಕೊಂಡು ಬಂದರು. ಆದರೂ ಕಾವ್ಯದಲ್ಲಿ ನಗರವು ನಾಯಕನ ಕಥೆಗೆ ಅಂಗವಾಗಿರುವುದೇ ವಾಡಿಕೆ. ಅದೇ ಅಂಗಿಯಾಗಿ ನಿಲ್ಲುವುದು ಅಪೂರ್ವ. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಚಿತ್ರಕಲೆಯ ಒಂದು ಪ್ರಕಾರವು ಈ ಸಂಬಂಧವನ್ನು ತಿರುಗುಮುರುಗು ಮಾಡಿತು. ಅಲ್ಲಿ ನಗರವೇ ಅಂಗಿ. ಮನುಷ್ಯರು ಅಂಗುಲಮಾತ್ರದ ಆಕೃತಿಗಳಾಗಿ ಬೀದಿಗಳಲ್ಲಿ, ಸೇತುವೆಗಳ ಮೇಲೆ, ದೋಣಿಗಳಲ್ಲಿ ಹರಡಿಕೊಂಡಿರುವರು. ಇಟಲಿಯ ಭಾಷೆಯಲ್ಲಿ ಇಂಥ ಚಿತ್ರಕ್ಕೆ ‘ವೆದೂತ’ ಎಂದು ಹೆಸರು. ‘ನೋಟ’ ಎಂಬುದೇ ಆ ಶಬ್ದದ ಅರ್ಥ. ಹಾಲೆಂಡಿನಲ್ಲಿ ಹುಟ್ಟಿ ರೋಮಿನಲ್ಲಿ ನೆಲಸಿದ ಗಾಸ್ಪರ್ ವಾನ್ ವಿಟ್ಟೆಲ್ ಎಂಬವನು ಈ ಮಾರ್ಗದ ಆದ್ಯರಲ್ಲಿ ಒಬ್ಬನು. ವೆನಿಸ್ ನಗರದ ಜೊವಾನಿ ಆಂತೋನಿಯೋ ಕನಾಲ್ (೧೬೯೭–೧೭೬೮), ಎಂದರೆ ‘ಕನಾಲೆತ್ತೋ’ ಎಂದು ಲೋಕಪ್ರಸಿದ್ಧನಾದ ಚಿತ್ರಗಾರನು, ಅದನ್ನು ಪ್ರೌಢಸ್ಥಿತಿಗೆ ತಂದನು. ಅವನ ಸೋದರಳಿಯನೂ ಶಿಷ್ಯನೂ ಆದ ಬೆರ್ನಾರ್ದೋ ಬೆಲ್ಲೊತ್ತೋ ಅದನ್ನು ಡ್ರೆಸ್ಡೆನ್, ವಿಯೆನ್ನ, ವಾರ್ಸಾ ನಗರಗಳಿಗೆ ಕೊಂಡೊಯ್ದನು.

ಈ ಚಿತ್ರಗಳಲ್ಲಿನ ಕಟ್ಟಡಗಳ ವಿಷಯವಾಗಿ ವಿದ್ವಾಂಸರು ಬಹಳವಾಗಿ ಬರೆದಿದ್ದಾರೆ. ಪ್ರಕೃತ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಆ ಸಣ್ಣ ಆಕೃತಿಗಳನ್ನು. ಅವರು ಯಾರು? ಬೆಳಕಿನಲ್ಲಿರುವವರು ಯಾರು, ನೆರಳಿನಲ್ಲಿರುವವರು ಯಾರು? ನಗರದ ವ್ಯವಸ್ಥೆಯು ತನ್ನಷ್ಟಕ್ಕೆ ತಾನೇ ಇರುವುದೆಂದು ಚಿತ್ರವು ತೋರಿಸುತ್ತದೆಯೋ, ಅಥವಾ ಕೆಲವರ ಕೈಗಳಿಂದ ಅದು ನಡೆಯುತ್ತಿರುವುದೆಂದು ತೋರಿಸುತ್ತದೆಯೋ? ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡರೆ ಈ ಚಿತ್ರಗಳ ತಾರತಮ್ಯವನ್ನು ಬೇರೊಂದು ರೀತಿಯಲ್ಲಿ ನಿರ್ಣಯಿಸಬೇಕಾಗುವುದೆಂದು ನಮ್ಮ ಅಭಿಪ್ರಾಯ.

೨

ಮೊದಲು ಎರಡು ಪೂರ್ವಪಕ್ಷಗಳನ್ನು ಪರಿಶೀಲಿಸಬೇಕು. ಮೊದಲನೆಯದು: ಇವು ಇದ್ದುದನ್ನು ಇದ್ದಂತೆ ತೋರಿಸುವ ಚಿತ್ರಗಳು, ಕೇವಲ ಸ್ವಭಾವೋಕ್ತಿ, ಇವುಗಳಲ್ಲಿ ಅಭಿಪ್ರಾಯವನ್ನು ಹುಡುಕುವುದು ವ್ಯರ್ಥ. ಎರಡನೆಯದು: ಇಟಲಿಯ ಪ್ರವಾಸಕ್ಕೆ ಬಂದ ಇಂಗ್ಲೆಂಡಿನ ಶ್ರೀಮಂತರು ನೆನಪಿಗಾಗಿ ಕೊಂಡುಹೋದ ಸರಕುಗಳಿವು, ಕೊಳ್ಳುವವನ ರುಚಿಯ ಹೊರತು ಇವುಗಳಲ್ಲಿ ಬೇರೇನೂ ಇಲ್ಲ.

ಸ್ವಭಾವೋಕ್ತಿಯನ್ನು ಅಲಂಕಾರವೆಂದು ಒಪ್ಪದ ಕುಂತಕನ ವಾದವು ಇಲ್ಲಿ ಉಪಯೋಗಕ್ಕೆ ಬರುವುದು. ವಸ್ತುವಿನ ಸ್ವಭಾವವೇ ಅಲಂಕಾರವಾದರೆ ಅಲಂಕರಿಸಲ್ಪಡತಕ್ಕದ್ದು ಬೇರೆ ಏನುಳಿಯಿತು ಎಂಬುದು ಅವನ ಪ್ರಶ್ನೆ. ಎಂದಮೇಲೆ ವಸ್ತುವು ಇದ್ದಂತೆಯೇ ಇದೆಯೆಂದು ತೋರಿದಾಗಲೂ ಕವಿಯ ವ್ಯಾಪಾರವು ಎಲ್ಲಿದೆ ಎಂದು ಕೇಳಲೇಬೇಕಾಗುತ್ತದೆ. ಕನಾಲೆತ್ತೋವಿನಲ್ಲಿ ಆ ವ್ಯಾಪಾರವು ಸ್ಪಷ್ಟವಾಗಿದೆ. ಒಂದೇ ಚಿತ್ರದಲ್ಲಿ ಎರಡು ಮೂರು ಸ್ಥಾನಗಳಿಂದ ಕಂಡ ನೋಟಗಳನ್ನು ಅವನು ಕೂಡಿಸುತ್ತಾನೆ. ಕಾಲುವೆಯ ತಿರುವನ್ನು ಬಿಡಿಸಿ ಅಗಲಮಾಡುತ್ತಾನೆ. ಪಲ್ಲಾದಿಯೋ ಎಂಬ ಶಿಲ್ಪಶಾಸ್ತ್ರಜ್ಞನು ರಿಯಾಲ್ತೋ ಎಂಬಲ್ಲಿಗೆ ಒಂದು ಸೇತುವೆಯನ್ನು ಕಲ್ಪಿಸಿದ್ದನು. ಅದು ಎಂದಿಗೂ ಕಟ್ಟಲ್ಪಡಲಿಲ್ಲ. ಆ ಇಲ್ಲದ ಸೇತುವೆಯನ್ನು ಕನಾಲೆತ್ತೋ ಇದ್ದ ಸೇತುವೆಯಷ್ಟೇ ಖಚಿತವಾದ ರೇಖೆಗಳಿಂದ ೧೭೪೪ರ ಸುಮಾರಿಗೆ ಬರೆದಿದ್ದಾನೆ. ಇದರಿಂದ, ಯಥಾರ್ಥವೆಂದು ತೋರುವ ಗುಣವು ಅವನ ಶೈಲಿಯಾಗಿತ್ತೇ ಹೊರತು ಸಾಕ್ಷ್ಯವಾಗಿರಲಿಲ್ಲವೆಂದು ಸಿದ್ಧವಾಗುತ್ತದೆ.

ಎರಡನೆಯ ಪಕ್ಷದಲ್ಲಿ ಅರ್ಧ ಸತ್ಯವುಂಟು. ವೆನಿಸಿನಲ್ಲಿ ನೆಲಸಿದ್ದ ಇಂಗ್ಲಿಷ್ ವರ್ತಕನೂ ಮುಂದೆ ಕಾನ್ಸಲನೂ ಆದ ಜೋಸೆಫ್ ಸ್ಮಿತ್ ಎಂಬವನ ಮೂಲಕ ಈ ಚಿತ್ರಗಳು ಇಂಗ್ಲೆಂಡಿಗೆ ಹೋದುವು. ಬೆಡ್‌ಫರ್ಡಿನ ಡ್ಯೂಕನೊಬ್ಬನೇ ೨೪ ಚಿತ್ರಗಳನ್ನು ತರಿಸಿಕೊಂಡನು. ಸ್ಮಿತ್ತನು ತಾನು ಕೂಡಿಟ್ಟಿದ್ದ ಸಂಗ್ರಹವನ್ನು ೧೭೬೨ರಲ್ಲಿ ಮೂರನೆಯ ಜಾರ್ಜ್ ದೊರೆಗೆ ಮಾರಿದನು. ಅದರಲ್ಲಿ ಕನಾಲೆತ್ತೋವಿನ ಸುಮಾರು ೫೦ ವರ್ಣಚಿತ್ರಗಳಿದ್ದುವು. ಆದರೆ ಕೊಂಡವರು ಪ್ರಭುಗಳೆಂಬ ಕಾರಣದಿಂದಲೇ ನಮ್ಮ ಪ್ರಶ್ನೆಯು ಹೆಚ್ಚು ಬಲವಾಗುತ್ತದೆ. ಪರದೇಶದ ಪ್ರಭುವಿನ ಊಟದ ಮನೆಯ ಗೋಡೆಗೆ ವೆನಿಸಿನ ಯಾವ ಜನರು, ಯಾವ ಭಂಗಿಯಲ್ಲಿ, ಎಷ್ಟು ಬೆಳಕಿನಲ್ಲಿ ಹೋಗಬೇಕೆಂಬುದನ್ನು ಯಾರೋ ನಿರ್ಣಯಿಸಿಯೇ ಇರಬೇಕು.

೩

ವೆನಿಸ್ ಅರಸನಿಲ್ಲದ ರಾಜ್ಯವಾಗಿತ್ತು; ಆದರೆ ಜನರಾಜ್ಯವಾಗಿರಲಿಲ್ಲ. ೧೨೯೭ರಿಂದ ಮಹಾಸಭೆಯ ಬಾಗಿಲು ಗೊತ್ತಾದ ಮನೆತನಗಳಿಗೆ ಮಾತ್ರ ತೆರೆದಿತ್ತು. ಆ ಮನೆತನಗಳ ಜನನಗಳನ್ನು ‘ಸುವರ್ಣಗ್ರಂಥ’ವೆಂಬ ದಾಖಲೆಯಲ್ಲಿ ಬರೆದಿಡುತ್ತಿದ್ದರು. ಅವರ ಕೆಳಗೆ ‘ಚಿತ್ತಾದಿನಿ’ ಎಂಬ ಪೌರವರ್ಗ; ಸರಕಾರದ ಕಾರ್ಯದರ್ಶಿಗಳೂ ಲೇಖಕರೂ ಈ ವರ್ಗದವರು. ಇವರು ಏರಬಹುದಾಗಿದ್ದ ಅತ್ಯುನ್ನತ ಪದವಿ ಮಹಾಚಾನ್ಸಲರನದು. ಇವರೂ ಅಲ್ಲದ ಉಳಿದ ಬಹುಜನರಿಗೆ ರಾಜ್ಯದ ಆಲೋಚನೆಯಲ್ಲಿ ಭಾಗವಿರಲಿಲ್ಲ. ಪ್ರಭುವರ್ಗದಲ್ಲಿಯೂ ದರಿದ್ರರಾದವರಿದ್ದರು. ಸಂತ ಬಾರ್ನಬನ ಕೇರಿಯಲ್ಲಿ ಸರಕಾರದ ಸಹಾಯದಿಂದ ಬದುಕುತ್ತಿದ್ದುದರಿಂದ ಜನರು ಅವರನ್ನು ‘ಬಾರ್ನಬೊತ್ತಿ’ಗಳೆಂದು ಕರೆಯುತ್ತಿದ್ದರು.

ಈ ಶ್ರೇಣಿಯನ್ನು ಕನಾಲೆತ್ತೋ ಎಷ್ಟು ನಿಪುಣತೆಯಿಂದ ಬರೆದನೆಂಬುದಕ್ಕೆ, ಸಂತ ರೋಕ್‌ನ ಉತ್ಸವದ ದಿನ ಡೋಜನು ಆ ಸಂತನ ದೇವಾಲಯಕ್ಕೆ ಬಂದುಹೋಗುವ ಚಿತ್ರವೇ ನಿದರ್ಶನ. ಸುಮಾರು ೧೭೩೫ರಲ್ಲಿ ಬರೆದ ಈ ಚಿತ್ರವು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ೧೫೭೬ರ ಪ್ಲೇಗು ನಿಂತುದರ ಸ್ಮರಣೆಗಾಗಿ ಪ್ರತಿ ವರ್ಷವೂ ಆಗಸ್ಟ್ ೧೬ರಂದು ಈ ಮೆರವಣಿಗೆಯು ನಡೆಯುತ್ತಿತ್ತು. ಛತ್ರದಡಿಯಲ್ಲಿ ಡೋಜನು, ಅವನ ಹಿಂದುಮುಂದಾಗಿ ರಾಯಭಾರಿಗಳು, ಕೆಂಪು ನಿಲುವಂಗಿಯ ಸೆನೇಟಿನ ಸದಸ್ಯರು, ಕಾರ್ಯದರ್ಶಿಗಳು. ಬಣ್ಣದಿಂದಲೇ ಅವರವರ ಅಧಿಕಾರವನ್ನು ಓದಬಹುದು. ಕಟ್ಟಡದ ಹೊರಗೋಡೆಯ ಮೇಲೆ ಚಿತ್ರಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಸಾಮಾನ್ಯ ಜನರು ಅಂಚಿನಲ್ಲಿ ನೋಟಕರಾಗಿ ನಿಂತಿರುವರು.

ನಮ್ಮ ನಾಟಕಶಾಸ್ತ್ರದಲ್ಲಿ ಉತ್ತಮಪಾತ್ರಗಳಿಗೆ ಸಂಸ್ಕೃತವನ್ನೂ ಸ್ತ್ರೀಯರಿಗೂ ನೀಚಪಾತ್ರಗಳಿಗೂ ಪ್ರಾಕೃತಭೇದಗಳನ್ನೂ ವಿಧಿಸಿರುವುದು ಸರ್ವರಿಗೂ ವಿದಿತವೇ ಆಗಿದೆ. ಪಾತ್ರವು ಬಾಯಿತೆರೆದ ಕೂಡಲೆ ಅದರ ಅಂತಸ್ತು ತಿಳಿಯುತ್ತದೆ. ಮಾತಿಲ್ಲದ ಈ ಚಿತ್ರಗಳಲ್ಲಿ ಆ ಕೆಲಸವನ್ನು ಬೆಳಕು ಮಾಡುತ್ತದೆ. ಬಿಸಿಲಿನಲ್ಲಿ ನಡೆಯುವುದು ಪ್ರಭುಗಳ ಭಾಷೆ. ನೆರಳಿನ ಅಂಚಿನಲ್ಲಿ ನಿಂತು ನೋಡುವುದು ಜನರ ಭಾಷೆ. ಕನಾಲೆತ್ತೋವಿನ ತಂದೆಯು ನಾಟಕಶಾಲೆಗಳಿಗೆ ಪರದೆಗಳನ್ನು ಬರೆಯುತ್ತಿದ್ದವನು. ಮಗನೂ ಮೊದಲು ಅದೇ ಕಸಬನ್ನು ಕಲಿತನು. ರಂಗದ ಮೇಲೆ ಯಾರು ಎಲ್ಲಿ ನಿಲ್ಲಬೇಕೆಂಬ ವಿವೇಕವು ಅವನಿಗೆ ಮನೆತನದ ವಿದ್ಯೆಯಾಗಿ ಬಂದಿತ್ತು.

ಅವನ ಅತ್ಯಂತ ವೈಭವದ ಚಿತ್ರಗಳು ‘ಬುಚಿಂತೋರೋ’ ಎಂಬ ಸುವರ್ಣನೌಕೆಯವು. ಕ್ರಿಸ್ತನ ಸ್ವರ್ಗಾರೋಹಣದ ಹಬ್ಬದಂದು ಡೋಜನು ಆ ನೌಕೆಯಲ್ಲಿ ಹೋಗಿ ಸಮುದ್ರಕ್ಕೆ ಉಂಗುರವನ್ನೆಸೆದು ವೆನಿಸಿಗೂ ಸಮುದ್ರಕ್ಕೂ ವಿವಾಹವನ್ನು ನಡೆಸುತ್ತಿದ್ದನು. ಚಿತ್ರದಲ್ಲಿ ಚಿನ್ನದ ಕೆತ್ತನೆಯ ಮೇಲಂತಸ್ತು ಥಳಥಳಿಸುತ್ತದೆ. ಕೆಳಗಿನ ಅಂತಸ್ತಿನಿಂದ ಹುಟ್ಟುಗಳು ಮಾತ್ರ ಹೊರಚಾಚಿವೆ. ಹುಟ್ಟುಗಳು ೪೨, ಅವನ್ನು ಹಿಡಿದವರು ರಾಜ್ಯದ ಹಡಗುಕಟ್ಟೆಯ ೧೬೮ ಮಂದಿ ಕೆಲಸಗಾರರು. ಅವರಿಗೆ ಅದು ಗೌರವದ ಹಕ್ಕಾಗಿಯೂ ಇತ್ತು. ಆದರೂ ಸಹೃದಯನಿಗೆ ಅಲ್ಲಿ ಕಾಣುವುದು ಹುಟ್ಟು, ಕೈ ಕಾಣುವುದಿಲ್ಲ. ಇಡೀ ನಗರವು ತಾನೇ ತೇಲುತ್ತ ಹೋಗುತ್ತಿದೆಯೆಂಬ ಭ್ರಾಂತಿಯು ಈ ಚಿತ್ರಗಳ ಸೌಂದರ್ಯಕ್ಕೆ ಕಾರಣ. ಇವುಗಳ ದೋಷವೂ ಅದೇ.

೪

ಇದಕ್ಕೆ ಪ್ರತ್ಯುದಾಹರಣೆಯು ಅದೇ ಕೈಯಿಂದ, ಅದಕ್ಕೂ ಮುಂಚೆಯೇ ಬಂದಿತ್ತು. ಸುಮಾರು ೧೭೨೫ರ ‘ಕಲ್ಲುಕುಟಿಗರ ಅಂಗಳ’ವೆಂಬ ಚಿತ್ರವು ಅದು, ಅದೂ ನ್ಯಾಷನಲ್ ಗ್ಯಾಲರಿಯಲ್ಲಿಯೇ ಇದೆ. ಸ್ಥಳವು ಸಂತ ವಿತಾಲೆಯ ದೇವಾಲಯದ ಮಗ್ಗುಲಿನ ಬಯಲು. ಆ ದೇವಾಲಯದ ಕೆಲಸ ನಡೆಯುತ್ತಿದ್ದುದರಿಂದ ಬಯಲು ತಾತ್ಕಾಲಿಕವಾಗಿ ಕಲ್ಲಿನ ಅಂಗಳವಾಗಿದೆ. ಮಹಾಕಾಲುವೆಯ ಆಚೆ ದಡದಲ್ಲಿ ಸಾಂತಾ ಮರಿಯಾ ದೆಲ್ಲಾ ಕರಿತಾ ದೇವಾಲಯವೂ ಅದರ ಗಂಟೆಯ ಗೋಪುರವೂ ಕಾಣುತ್ತವೆ. ಆ ಗೋಪುರವು ೧೭೪೪ರಲ್ಲಿ ಬಿದ್ದುಹೋಯಿತು. ಆ ಕಟ್ಟಡಗಳೇ ಮುಂದೆ ವೆನಿಸಿನ ಅಕಾಡೆಮಿಯ ಚಿತ್ರಶಾಲೆಯಾದುವು.

ಮುಂಭಾಗದಲ್ಲಿ ಪ್ರಭುಗಳಿಲ್ಲ, ಮೆರವಣಿಗೆಯಿಲ್ಲ. ಬಿಳಿಯ ಕಲ್ಲಿನ ದಿಮ್ಮಿಗಳು ಬಿದ್ದಿವೆ. ಕಲ್ಲುಕುಟಿಗರು ಬಗ್ಗಿ ಉಳಿಯಾಡಿಸುತ್ತಿದ್ದಾರೆ. ಅವರ ಮರದ ಗುಡಿಸಲು ಪಕ್ಕದಲ್ಲಿದೆ. ಎಡಗಡೆ ಮಗುವೊಂದು ಬಿದ್ದಿದೆ. ತಾಯಿಯು ಎರಡು ಕೈಗಳನ್ನೂ ಚಾಚಿ ಅದರ ಕಡೆಗೆ ಧಾವಿಸುತ್ತಿದ್ದಾಳೆ. ಮೊಗಸಾಲೆಯ ಮೇಲೆ ಒಬ್ಬ ಹೆಂಗಸು ನೂಲುತ್ತಿದ್ದಾಳೆ. ಕಿಟಕಿಗಳ ಹೊರಗೆ ಬಟ್ಟೆಗಳು ಒಣಗುತ್ತಿವೆ. ಕಿಟಕಿಯ ಕಟ್ಟೆಯೊಂದರ ಮೇಲೆ ಹುಂಜವು ನಿಂತಿದೆ.

ಇಲ್ಲಿ ಬೆಳಕಿನ ನಿಯಮವು ಬದಲಾಗಿರುವುದನ್ನು ಗಮನಿಸಬೇಕು. ಬಿಸಿಲು ಬೀಳುವುದು ಕಲ್ಲಿನ ಮೇಲೆ, ದುಡಿಯುವವನ ಬೆನ್ನಿನ ಮೇಲೆ, ತಾಯಿಯ ಕೈಗಳ ಮೇಲೆ. ದೇವಾಲಯವು ನೀರಿನ ಆಚೆಗೆ ಸರಿದಿದೆ. ಕಟ್ಟಿ ಮುಗಿದ ನಗರವು ದೂರದಲ್ಲಿದೆ. ಕಟ್ಟಲ್ಪಡುತ್ತಿರುವ ನಗರವು ಹತ್ತಿರದಲ್ಲಿದೆ. ಇಸ್ಟ್ರಿಯಾ ದೇಶದಿಂದ ದೋಣಿಗಳಲ್ಲಿ ತಂದ ಬಿಳಿಯ ಕಲ್ಲನ್ನು ಹೀಗೆ ಒಂದೊಂದಾಗಿ ಕಡೆದೇ ವೆನಿಸಿನ ಅರಮನೆಗಳ ಮುಖಗಳು ಎದ್ದುವೆಂಬ ಸಂಗತಿಯನ್ನು ಯಾವ ಉಪದೇಶವೂ ಇಲ್ಲದೆ ಚಿತ್ರವು ತಿಳಿಸುತ್ತದೆ. ಬಿದ್ದ ಮಗುವಿನಲ್ಲಿ ಕೆಲವರು ಹಾಸ್ಯವನ್ನು ಮಾತ್ರ ಕಂಡಿದ್ದಾರೆ. ಹಾಸ್ಯವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದು ಅಪಹಾಸ್ಯವಲ್ಲ. ಪ್ರಭುಗಳ ಮೆರವಣಿಗೆಯಲ್ಲಿ ಯಾರೂ ಬೀಳುವುದಿಲ್ಲ, ಯಾರೂ ಓಡುವುದಿಲ್ಲ. ಅಲ್ಲಿ ಪ್ರತಿಯೊಬ್ಬನೂ ತನ್ನ ಸ್ಥಾನವೇ ಆಗಿರುತ್ತಾನೆ. ಈ ತಾಯಿಯು ಓಡುವಾಗ ಸ್ಥಾನವನ್ನು ಬಿಟ್ಟು ವ್ಯಕ್ತಿಯಾಗುತ್ತಾಳೆ. ಅಂಗುಲಮಾತ್ರದ ಆಕೃತಿಯಲ್ಲಿ ವಾತ್ಸಲ್ಯವು ವ್ಯಕ್ತವಾಗಿರುವುದು ಈ ಪ್ರಕಾರದಲ್ಲಿಯೇ ದುರ್ಲಭ.

೫

೧೭೪೬ರಲ್ಲಿ ಕನಾಲೆತ್ತೋ ಲಂಡನ್ನಿಗೆ ಹೋದನು. ನಡುವೆ ಊರಿಗೆ ಬಂದುಹೋದುದನ್ನು ಬಿಟ್ಟರೆ ಸುಮಾರು ೧೭೫೫ರ ವರೆಗೆ ಅಲ್ಲಿಯೇ ಇದ್ದನು. ಅಲ್ಲಿಯ ಎರಡು ಚಿತ್ರಗಳು ನಮ್ಮ ವಿಚಾರಕ್ಕೆ ಸಾಕು. ರಿಚ್‌ಮಂಡಿನ ಡ್ಯೂಕನಿಗಾಗಿ ಅವನು ೧೭೪೭ರಲ್ಲಿ ಆ ಮನೆಯ ಮೇಲಿನಿಂದ ಕಾಣುವ ಥೇಮ್ಸ್ ನದಿಯನ್ನೂ ವೈಟ್‌ಹಾಲ್ ಬೀದಿಯನ್ನೂ ಬರೆದನು. ಒಂದು ಕಡೆ ಉದ್ಯಾನ, ಇನ್ನೊಂದು ಕಡೆ ಕುದುರೆಲಾಯದ ಅಂಗಳ, ನಡುವೆ ಗೋಡೆ. ನೋಡುವವನು ಒಡೆಯನ ಕಿಟಕಿಯಲ್ಲಿ ನಿಂತವನಾದುದರಿಂದ ಗೋಡೆಯ ಎರಡು ಪಕ್ಕಗಳೂ ಅವನಿಗೆ ಕಾಣುತ್ತವೆ. ಕೆಳಗಿರುವವರಿಗೆ ತಮ್ಮ ಪಕ್ಕವು ಮಾತ್ರ ಕಾಣುತ್ತದೆ. ವ್ಯವಸ್ಥೆಯು ಸುಂದರವಾಗಿ ಕಾಣಬೇಕಾದರೆ ಮೇಲಿನಿಂದ ನೋಡಬೇಕೆಂಬುದನ್ನು ಈ ಚಿತ್ರವು ತಾನು ಅರಿಯದೆಯೇ ಒಪ್ಪಿಕೊಂಡಂತಿದೆ.

ಇನ್ನೊಂದು ಚಿತ್ರವು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಕಮಾನಿನ ಒಳಗಿನಿಂದ ಕಾಣುವ ಲಂಡನ್. ಆಗ ಸೇತುವೆ ಇನ್ನೂ ಮುಗಿದಿರಲಿಲ್ಲ. ಅದು ಸಂಚಾರಕ್ಕೆ ತೆರೆದದ್ದು ೧೭೫೦ರಲ್ಲಿ. ಕಮಾನಿನ ವೃತ್ತದೊಳಗೆ ನದಿ, ದೋಣಿಗಳು, ದೂರದಲ್ಲಿ ಸಂತ ಪಾಲನ ದೇವಾಲಯದ ಗುಮ್ಮಟ. ಇವೆಲ್ಲಕ್ಕೂ ಮುಂದೆ, ಮೇಲಿನಿಂದ ಇಳಿಬಿಟ್ಟ ಹಗ್ಗದ ತುದಿಯಲ್ಲಿ ಒಂದು ಬಕೆಟ್ಟು ತೂಗುತ್ತಿದೆ. ಅದನ್ನು ಇಳಿಬಿಟ್ಟ ಕೆಲಸಗಾರನು ಚಿತ್ರದಲ್ಲಿಲ್ಲ. ಆದರೂ ಬುಚಿಂತೋರೋ ನೌಕೆಯ ಅಂಬಿಗರು ಮರೆಯಾದ ರೀತಿಯಲ್ಲಿ ಇವನು ಮರೆಯಾಗಿಲ್ಲ. ಅಲ್ಲಿ ಶ್ರಮವನ್ನು ಚಿನ್ನವು ಮುಚ್ಚಿತು; ಇಲ್ಲಿ ಆ ಬಕೆಟ್ಟು ಮೇಲೆ ಒಬ್ಬನಿದ್ದಾನೆಂದು ಸೂಚಿಸುತ್ತದೆ. ಮೊದಲನೆಯದು ಅನುಕ್ತಿ, ಎರಡನೆಯದು ಧ್ವನಿ. ಇವೆರಡಕ್ಕೂ ಇರುವ ಭೇದವನ್ನು ವಿದ್ಯಾರ್ಥಿಗಳಿಗೆ ತಿಳಿಸಲು ಇದಕ್ಕಿಂತ ಸುಲಭವಾದ ದೃಷ್ಟಾಂತವು ದೊರೆಯಲಾರದು.

೬

ಬೆಲ್ಲೊತ್ತೋವಿನ ಮಾರ್ಗವು ಮಾವನ ಮಾರ್ಗಕ್ಕಿಂತ ಗಂಭೀರವಾದುದು. ೧೭೪೭ರಲ್ಲಿ ಡ್ರೆಸ್ಡೆನ್ನಿಗೆ ಹೋಗಿ ಸ್ಯಾಕ್ಸನಿಯ ಒಡೆಯನೂ ಪೋಲೆಂಡಿನ ರಾಜನೂ ಆಗಿದ್ದ ಮೂರನೆಯ ಅಗಸ್ಟಸನ ಆಸ್ಥಾನದ ಚಿತ್ರಗಾರನಾದನು. ಅವನ ಡ್ರೆಸ್ಡೆನ್ ನೋಟಗಳಲ್ಲಿ ನೆರಳುಗಳು ತಣ್ಣಗಿವೆ, ಕಲ್ಲುಗಳಿಗೆ ಭಾರವಿದೆ. ಎಲ್ಬೆ ನದಿಯ ದಡದ ಒಂದು ನೋಟದಲ್ಲಿ ಆಸ್ಥಾನದ ವೈದ್ಯ, ಗಾಯಕ, ವಿದೂಷಕ ಮುಂತಾದವರು ಗುರುತು ಸಿಕ್ಕುವಂತೆ ನಿಂತಿರುವರು. ಅದೇ ದಡದ ಅಂಬಿಗರಿಗೆ ಹೆಸರಿಲ್ಲ.

ಈ ಶಾಂತಿಯು ಬಹಳ ಕಾಲ ನಿಲ್ಲಲಿಲ್ಲ. ೧೭೬೦ರಲ್ಲಿ ಪ್ರಷ್ಯದ ಸೇನೆಯು ಡ್ರೆಸ್ಡೆನ್ನಿನ ಮೇಲೆ ಗುಂಡು ಹಾರಿಸಿತು. ಪವಿತ್ರ ಶಿಲುಬೆಯ ದೇವಾಲಯವು ಸುಟ್ಟುಹೋಯಿತು. ಬೆಲ್ಲೊತ್ತೋವಿನ ಮನೆಯೂ ಹಾಳಾಯಿತು. ಉಳಿದಿದ್ದ ಗೋಪುರವು ೧೭೬೫ರಲ್ಲಿ ಕುಸಿಯಿತು. ಆ ಭಗ್ನಗೋಪುರದ ಚಿತ್ರವೇ ಅವನ ಕೃತಿಗಳಲ್ಲಿ ಶ್ರೇಷ್ಠವೆಂದು ನಾವು ಎಣಿಸುತ್ತೇವೆ. ಸೀಳಿದ ಗೋಪುರವು ಒಳಗನ್ನು ತೆರೆದುಕೊಂಡು ನಿಂತಿದೆ. ಕೆಳಗೆ ಕಲ್ಲಿನ ರಾಶಿ. ಕೆಲಸಗಾರರು ಏಣಿಗಳ ಮೇಲೆಯೂ ರಾಶಿಯ ಮೇಲೆಯೂ ಇರುವೆಗಳಂತೆ ಹರಡಿದ್ದಾರೆ. ಪಟ್ಟಣಿಗರು ಗುಂಪುಗುಂಪಾಗಿ ನಿಂತು ನೋಡುತ್ತಾರೆ. ಕಲ್ಲುಕುಟಿಗರ ಅಂಗಳದಲ್ಲಿ ಕಟ್ಟುವಾಗ ಕಂಡ ಕೈಗಳೇ ಇಲ್ಲಿ ಕೆಡವುವಾಗ ಕಾಣುತ್ತವೆ. ರಾಜನ ಆಜ್ಞೆಯೂ ದೇವಾಲಯದ ಮಹಿಮೆಯೂ ಕಾಪಾಡಲಾರದೆ ಹೋದ ನಗರವನ್ನು ತೆರವುಮಾಡುವವರು ಯಾರೆಂಬುದು ಆಗ ಸ್ಪಷ್ಟವಾಗುತ್ತದೆ.

೧೭೬೭ರಲ್ಲಿ ಅವನು ವಾರ್ಸಾಕ್ಕೆ ಬಂದು ಸ್ತಾನಿಸ್ಲಾವ್ ಅಗಸ್ಟಸ್ ರಾಜನ ಆಶ್ರಯವನ್ನು ಪಡೆದನು. ೧೭೮೦ರಲ್ಲಿ ಅಲ್ಲಿಯೇ ತೀರಿಕೊಂಡನು. ಅರಮನೆಗಾಗಿ ಅವನು ಬರೆದ ಇಪ್ಪತ್ತಕ್ಕೂ ಮಿಕ್ಕ ನೋಟಗಳಲ್ಲಿ ವರ್ಗಭೇದವು ಉಡುಪಿನಲ್ಲಿಯೇ ಮೂರ್ತಿವೆತ್ತಿದೆ. ಪೋಲಿಷ್ ನಿಲುವಂಗಿ ತೊಟ್ಟ ಹಳೆಯ ಕುಲೀನರು, ಫ್ರೆಂಚ್ ಉಡುಪಿನ ಹೊಸ ಕುಲೀನರು, ಯೆಹೂದ್ಯರು, ಸನ್ಯಾಸಿಗಳು, ಹಳ್ಳಿಯಿಂದ ಗಾಡಿ ಹೊಡೆದುಕೊಂಡು ಬಂದ ರೈತರು, ಭಿಕ್ಷುಕರು: ಎಲ್ಲರೂ ಒಂದೇ ಬೀದಿಯಲ್ಲಿ ನಡೆಯುತ್ತಾರೆ. ಮೇಲುನೋಟಕ್ಕೆ ಇದು ಸರ್ವಜನಸಮನ್ವಯ.

ಆದರೆ ಆ ಬೀದಿಯು ಕಾನೂನಿನ ದೃಷ್ಟಿಯಿಂದ ಒಂದೇ ಆಗಿರಲಿಲ್ಲ. ವಾರ್ಸಾದೊಳಗೆ ‘ಯುರಿದಿಕಾ’ಗಳೆಂಬ ತುಂಡುಭೂಮಿಗಳಿದ್ದುವು, ಅವು ಕುಲೀನರಿಗೂ ಮಠಗಳಿಗೂ ಸೇರಿದುವು, ಅಲ್ಲಿ ಪಟ್ಟಣದ ಆಡಳಿತವು ನಡೆಯುತ್ತಿರಲಿಲ್ಲ. ೧೫೨೭ರ ಶಾಸನದ ಪ್ರಕಾರ ಯೆಹೂದ್ಯರಿಗೆ ವಾರ್ಸಾದಲ್ಲಿ ವಾಸದ ಹಕ್ಕಿರಲಿಲ್ಲ; ರಾಷ್ಟ್ರಸಭೆಯು ಸೇರಿದ ಕಾಲದಲ್ಲಿಯೂ ಈ ತುಂಡುಭೂಮಿಗಳ ಒಡೆಯರ ಆಸರೆಯಲ್ಲಿಯೂ ಅವರು ಇದ್ದುಬರುತ್ತಿದ್ದರು. ಗಾಡಿಯ ರೈತನು ಹಳ್ಳಿಯಲ್ಲಿ ಒಡೆಯನ ನೆಲಕ್ಕೆ ಕಟ್ಟುಬಿದ್ದವನು. ಪೌರರ ಪ್ರತಿನಿಧಿಗಳು ೧೭೮೯ರ ಡಿಸೆಂಬರಿನಲ್ಲಿ ಕಪ್ಪು ಉಡುಪನ್ನು ಧರಿಸಿ ರಾಜನಲ್ಲಿಗೆ ಮೆರವಣಿಗೆ ಹೋಗಿ ತಮ್ಮ ಹಕ್ಕುಗಳನ್ನು ಕೇಳಿದರು; ೧೭೯೧ರ ಪಟ್ಟಣಗಳ ಶಾಸನದಿಂದ ಯುರಿದಿಕಾಗಳು ರದ್ದಾದುವು. ಇದೆಲ್ಲವೂ ನಡೆದದ್ದು ಬೆಲ್ಲೊತ್ತೋ ಸತ್ತಮೇಲೆ. ಕಾನೂನು ತುಂಡುಮಾಡಿದ್ದ ನಗರವನ್ನು ಅವನ ರೇಖೆಗಳು ಒಂದು ಬಿಂದುವಿನ ಕಡೆಗೆ ಓಡಿ ಒಂದುಗೂಡಿಸಿದ್ದುವು. ಇದನ್ನು ಸುಳ್ಳೆನ್ನಬೇಕೋ, ಮುಂದಿನ ನಗರದ ಆಶಯವೆನ್ನಬೇಕೋ? ಶ್ರೀಶಂಕುಕನು ಹೇಳಿದ ಚಿತ್ರತುರಗದ ನ್ಯಾಯವು ಇಲ್ಲಿ ಅನ್ವಯಿಸುತ್ತದೆ. ಚಿತ್ರದ ಕುದುರೆಯು ನಿಜವೂ ಅಲ್ಲ, ಸುಳ್ಳೂ ಅಲ್ಲ. ಅದರಿಂದ ಹುಟ್ಟುವ ಪ್ರತೀತಿಯು ಬೇರೆಯೇ ಜಾತಿಯದು.

ಆ ಪ್ರತೀತಿಗೆ ಲೋಕದಲ್ಲಿ ಫಲವೂ ಉಂಟಾಯಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಈ ಚಿತ್ರಗಳನ್ನು ಸಾಗಿಸಿಕೊಂಡು ಹೋದರು. ೧೯೪೪ರಲ್ಲಿ ವಾರ್ಸಾದ ಅರಮನೆಯನ್ನು ಸಿಡಿಸಿ ನಗರವನ್ನು ನೆಲಸಮ ಮಾಡಿದರು. ಯುದ್ಧಾನಂತರ ಚಿತ್ರಗಳು ಹಿಂತಿರುಗಿದುವು. ನಗರವನ್ನು ಮತ್ತೆ ಕಟ್ಟಿದವರು ಇತರ ದಾಖಲೆಗಳೊಡನೆ ಇವನ್ನೂ ಆಧಾರವಾಗಿ ಇಟ್ಟುಕೊಂಡರು. ಚಿತ್ರವು ನಗರವನ್ನು ಅನುಕರಿಸುವುದೆಂಬ ಮಾತು ಇಲ್ಲಿ ತಲೆಕೆಳಗಾಗಿ, ನಗರವೇ ಚಿತ್ರವನ್ನು ಅನುಕರಿಸಿತು. ಆದರೆ ಮರಳಿ ಕಟ್ಟಲು ಸಾಧ್ಯವಾದದ್ದು ಮನೆಗಳ ಮುಖಗಳು ಮಾತ್ರ. ಬೆಲ್ಲೊತ್ತೋವಿನ ಬೀದಿಗಳಲ್ಲಿ ನಡೆದಾಡಿದ ಯೆಹೂದ್ಯರ ಸಂತತಿಯು ಆ ಯುದ್ಧದಲ್ಲಿ ಸಂಹಾರವಾಗಿತ್ತು.

೭

ಕೊನೆಯದಾಗಿ ಒಂದು ಆಕ್ಷೇಪಕ್ಕೆ ಸಮಾಧಾನವನ್ನು ಹೇಳಬೇಕು. ಪ್ರಭುಗಳ ಹಣದಿಂದ ಬದುಕಿದ ಚಿತ್ರಗಾರರು ಶ್ರಮಜೀವಿಗಳ ಪಕ್ಷವನ್ನು ವಹಿಸಿದರೆಂದು ಹೇಳುವುದು ಇಂದಿನ ಅಭಿಪ್ರಾಯವನ್ನು ಅಂದಿನವರ ಮೇಲೆ ಹೊರಿಸಿದಂತಾಗುವುದಿಲ್ಲವೆ? ಅವರು ಪಕ್ಷವಹಿಸಿದರೆಂದು ನಾವು ಹೇಳಿಲ್ಲ. ಕಲ್ಲುಕುಟಿಗರನ್ನು ಬರೆದ ಕೈಯೇ ಮುಂದೆ ಹಲವು ವರ್ಷಗಳ ಕಾಲ ಸುವರ್ಣನೌಕೆಯನ್ನು ಬರೆಯಿತು. ನಮ್ಮ ವಾದವು ಚಿತ್ರಗಾರನ ಮತವನ್ನು ಕುರಿತದ್ದಲ್ಲ, ಚಿತ್ರದ ಶಕ್ತಿಯನ್ನು ಕುರಿತದ್ದು. ವ್ಯವಸ್ಥೆಯನ್ನು ಸಿದ್ಧವಸ್ತುವಾಗಿ ತೋರಿಸಿದ ಕಡೆಗಳಲ್ಲಿ ಈ ಪ್ರಕಾರವು ನಯವಾಗಿದೆ, ಆದರೆ ಏಕರೂಪವಾಗಿದೆ. ನೂರು ಚಿತ್ರಗಳನ್ನು ನೋಡಿದರೂ ಒಂದನ್ನು ನೋಡಿದಂತೆ. ವ್ಯವಸ್ಥೆಯು ಕಟ್ಟಲ್ಪಡುವಾಗ ಅಥವಾ ಮುರಿಯುವಾಗ ಅದನ್ನು ಹಿಡಿದ ಕಡೆಗಳಲ್ಲಿ ಪ್ರತಿಯೊಂದು ಚಿತ್ರವೂ ಬೇರೆಯಾಗಿದೆ.

ಫ್ರಾಂಚೆಸ್ಕೋ ಗ್ವಾರ್ದಿಯ (೧೭೧೨–೧೭೯೩) ಚಿತ್ರವೊಂದೂ ಇದಕ್ಕೆ ಸಾಕ್ಷಿ. ೧೭೮೯ರಲ್ಲಿ ವೆನಿಸಿನ ಸಾನ್ ಮಾರ್ಕುವೋಲದ ಎಣ್ಣೆಯ ಉಗ್ರಾಣಕ್ಕೆ ಬೆಂಕಿ ಬಿದ್ದಿತು. ಗ್ವಾರ್ದಿಯ ಚಿತ್ರದಲ್ಲಿ ಜನಸಮೂಹವು ನಮಗೆ ಬೆನ್ನುಮಾಡಿ ಸಾಲಾಗಿ ನಿಂತು ಉರಿಯನ್ನು ನೋಡುತ್ತಿದೆ. ಮಾಡುಗಳ ಮೇಲೆ ಕೆಲವರು ಬೆಂಕಿಯೊಡನೆ ಹೋರಾಡುತ್ತಿದ್ದಾರೆ. ಬೆನ್ನುಗಳಲ್ಲಿ ಕುಲವನ್ನು ಓದುವುದು ಕಷ್ಟ. ಬೆಳಕು ಸೂರ್ಯನಿಂದ ಬಾರದೆ ಉರಿಯಿಂದ ಬರುವುದರಿಂದ, ಯಾರನ್ನು ಬೆಳಗಬೇಕು ಯಾರನ್ನು ಬಿಡಬೇಕೆಂಬ ಹಳೆಯ ಮರ್ಯಾದೆಯೂ ಅಲ್ಲಿಲ್ಲ. ಎಂಟು ವರ್ಷಗಳ ತರುವಾಯ, ೧೭೯೭ರ ಮೇ ೧೨ರಂದು, ಮಹಾಸಭೆಯು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಸುವರ್ಣಗ್ರಂಥವನ್ನು ಬಹಿರಂಗವಾಗಿ ಸುಟ್ಟರು. ಮರುವರ್ಷ ಫ್ರೆಂಚರು ಬುಚಿಂತೋರೋ ನೌಕೆಯ ಕೆತ್ತನೆಗಳನ್ನು ಚಿನ್ನಕ್ಕಾಗಿ ಸುಟ್ಟರು.

ಆದುದರಿಂದ ಸಿದ್ಧಾಂತವಿಷ್ಟು. ಪುರವರ್ಣನೆಯು, ಅದು ಪದ್ಯದಲ್ಲಿರಲಿ ಬಣ್ಣದಲ್ಲಿರಲಿ, ಸಮೃದ್ಧಿಯನ್ನು ಎಣಿಸಿದ ಮಾತ್ರಕ್ಕೆ ಸಾರ್ಥಕವಾಗುವುದಿಲ್ಲ. ಪ್ರಾಸಾದವು ಎಷ್ಟು ಎತ್ತರವೆಂದು ಹೇಳಿದ ಕವಿಯು ಕಲ್ಲನ್ನು ಮೇಲಕ್ಕೆ ಏರಿಸಿದವರಿಗೆ ಎಷ್ಟು ಎಡೆಯನ್ನು ಕೊಟ್ಟಿದ್ದಾನೆಂದು ಕೇಳುವ ಹಕ್ಕು ಸಹೃದಯನಿಗಿದೆ. ನಮ್ಮ ಪಾಠಶಾಲೆಗಳಲ್ಲಿ ಪುರವರ್ಣನೆಯ ಪದ್ಯಗಳನ್ನು ಅಲಂಕಾರಗಳ ಹೆಸರು ಹೇಳಿಸುವುದಕ್ಕಾಗಿ ಮಾತ್ರ ಓದಿಸುವುದುಂಟು. ಅಧ್ಯಾಪಕರು ಅಂಥ ಒಂದು ವರ್ಣನೆಯ ಪಕ್ಕದಲ್ಲಿ ‘ಕಲ್ಲುಕುಟಿಗರ ಅಂಗಳ’ದ ಪ್ರತಿಯೊಂದನ್ನು ಇಟ್ಟು, ಎರಡರಲ್ಲಿಯೂ ಯಾರು ಕಾಣುತ್ತಾರೆ ಯಾರು ಕಾಣುವುದಿಲ್ಲವೆಂದು ವಿದ್ಯಾರ್ಥಿಗಳಿಂದಲೇ ಹೇಳಿಸಿದರೆ, ಕಾವ್ಯಪರೀಕ್ಷೆಗೂ ಲೋಕಪರೀಕ್ಷೆಗೂ ಒಟ್ಟಿಗೆ ಅಭ್ಯಾಸವಾಗುವುದೆಂದು ನಂಬಿದ್ದೇವೆ.